ಎದೆನೋವಿಲ್ಲ, ಎಲ್‌ಡಿಎಲ್ ಮಾತ್ರ ಜಾಸ್ತಿ: ಸ್ಟ್ಯಾಟಿನ್ ಈಗಲೇ ಶುರು ಮಾಡಬೇಕಾ?

ಪರ

ರಕ್ತದಲ್ಲಿ ಎಲ್‌ಡಿಎಲ್, ಅಂದರೆ ‘ಕೆಟ್ಟ ಕೊಲೆಸ್ಟ್ರಾಲ್’ ಹೊತ್ತು ಸಾಗುವ ಕಣಗಳು, ಜಾಸ್ತಿ ಇದ್ದರೆ ಮೈಗೆ ಏನೂ ಗೊತ್ತಾಗುವುದಿಲ್ಲ. ನೋವಿಲ್ಲ, ಸುಸ್ತಿಲ್ಲ. ಆದರೆ ಹೃದಯಕ್ಕೆ ರಕ್ತ ಒಯ್ಯುವ ನಾಳದ ಗೋಡೆಯೊಳಗೆ ಆ ಕಣಗಳು ನುಸುಳಿ ಸಿಕ್ಕಿಕೊಳ್ಳುತ್ತವೆ, ಅವನ್ನು ತೆಗೆಯಲು ಬಂದ ಬಿಳಿ ರಕ್ತಕಣಗಳು ತಿಂದು ತಿಂದು ಕೊಬ್ಬು ತುಂಬಿಕೊಂಡು ಅಲ್ಲೇ ಸಾಯುತ್ತವೆ, ವರ್ಷಗಟ್ಟಲೆ ಇದೇ ನಡೆದು ಗೋಡೆ ದಪ್ಪವಾಗುತ್ತದೆ. ಒಂದು ದಿನ ಅದರ ತೆಳು ಪೊರೆ ಹರಿದರೆ ಸಾಕು, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಎಷ್ಟೋ ಜನರಿಗೆ ಮೊದಲ ಲಕ್ಷಣವೇ ಹಾರ್ಟ್ ಅಟ್ಯಾಕ್. ಅಲ್ಲಿವರೆಗೆ ಕಾಯಬೇಕಾ?

ಸ್ಟ್ಯಾಟಿನ್ ಅಂದರೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ, ಅದು ಮಾಡುವ ಕೆಲಸ ಸರಳ. ಲಿವರ್ ತಾನೇ ಕೊಲೆಸ್ಟ್ರಾಲ್ ತಯಾರಿಸುವುದನ್ನು ತಗ್ಗಿಸುತ್ತದೆ. ಕೊರತೆ ಬಿದ್ದಾಗ ಲಿವರ್ ಎಲ್‌ಡಿಎಲ್ ಹಿಡಿಯುವ ಗ್ರಾಹಕಗಳನ್ನು ಹೆಚ್ಚಿಸಿಕೊಂಡು ರಕ್ತದಿಂದಲೇ ಎಳೆದುಕೊಳ್ಳುತ್ತದೆ. ಈ ಗ್ರಾಹಕಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್‌ಗೆ 1985ರಲ್ಲಿ ನೊಬೆಲ್ ಬಂತು. ಎಲ್‌ಡಿಎಲ್ ಡೆಸಿಲೀಟರ್ ರಕ್ತಕ್ಕೆ 39 ಮಿಲಿಗ್ರಾಂನಷ್ಟು ಇಳಿದರೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥವು ಸುಮಾರು ಐದನೇ ಒಂದು ಪಾಲು ಕಡಿಮೆಯಾಗುತ್ತವೆ.

ನನಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಇದು: ಈ ಗ್ರಾಹಕಗಳನ್ನು ಕಡಿಮೆ ಮಾಡುವ ಪಿಸಿಎಸ್‌ಕೆ9 ಅನ್ನುವ ಜೀನ್‌ನಲ್ಲಿನ ಬದಲಾವಣೆಯಿಂದ ಹುಟ್ಟಿನಿಂದಲೇ ಎಲ್‌ಡಿಎಲ್ ಕಡಿಮೆ ಇರುವವರಿಗೆ ಹೃದಯನಾಳದ ಕಾಯಿಲೆ ಬಹಳ ಕಡಿಮೆ. ಎಷ್ಟು ಇಳಿಸಿದಿರಿ ಅನ್ನುವುದರ ಜೊತೆಗೆ ಎಷ್ಟು ವರ್ಷ ಇಳಿದಿತ್ತು ಅನ್ನುವುದೂ ಮುಖ್ಯ. ತಡ ಮಾಡಿದ ವರ್ಷಗಳನ್ನು ಯಾವ ಮಾತ್ರೆಯೂ ವಾಪಸ್ ಕೊಡುವುದಿಲ್ಲ.

ವಿರೋಧ

ಲ್ಯಾಬ್ ರಿಪೋರ್ಟಿನಲ್ಲಿ ಎಲ್‌ಡಿಎಲ್ 148, ಪಕ್ಕದಲ್ಲಿ ದಪ್ಪಕ್ಷರದ ‘ಎಚ್’, ಅಂದರೆ ಹೈ. ಅದನ್ನು ನೋಡಿದ್ದೇ ಜೀವನಪೂರ್ತಿ ಮಾತ್ರೆ ಅಂದರೆ ಹೇಗೆ?

ಐದನೇ ಒಂದು ಪಾಲು ಕಡಿಮೆ, ಸರಿ. ಆದರೆ ಯಾವುದರಲ್ಲಿ? ಹತ್ತು ವರ್ಷದಲ್ಲಿ ನೂರರಲ್ಲಿ ಐವರಿಗೆ ಅಟ್ಯಾಕ್ ಆಗುವ ಗುಂಪಿನಲ್ಲಿ ಅದು ನಾಲ್ಕಕ್ಕೆ ಇಳಿಯುತ್ತದೆ. ಒಬ್ಬರು ಉಳಿದರು, ಅದು ಸಣ್ಣ ಮಾತಲ್ಲ. ಉಳಿದ 99 ಜನರೂ ಅಷ್ಟು ವರ್ಷ ದಿನಾ ನುಂಗಿದರು ಅನ್ನುವುದೂ ನಿಜ ಅಲ್ವಾ? ಕೆಲವರಿಗೆ ಸ್ನಾಯು ನೋವು ಬರುತ್ತದೆ, ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರು ಸ್ವಲ್ಪ ಬೇಗ ಆ ಕಡೆ ಜಾರಬಹುದು.

ಈಗಾಗಲೇ ಅಟ್ಯಾಕ್ ಆದವರು, ಡಯಾಬಿಟಿಸ್ ಇರುವ ನಡುವಯಸ್ಸಿನವರು, ಎಲ್‌ಡಿಎಲ್ 190 ದಾಟಿದವರು ತಗೊಳ್ಳಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಉಳಿದವರಿಗೆ ಮೊದಲು ಬೇರೆ ಪ್ರಶ್ನೆ ಕೇಳಿ. ಬಿಪಿ ಎಷ್ಟು, ಸಿಗರೇಟ್ ಸೇದುತ್ತಾರಾ, ಅಪ್ಪ-ಅಮ್ಮನಿಗೆ ಯಾವ ವಯಸ್ಸಿನಲ್ಲಿ ಬಂತು? ಥೈರಾಯ್ಡ್ ಕಡಿಮೆಯಿದ್ದರೂ ಎಲ್‌ಡಿಎಲ್ ಏರುತ್ತದೆ, ಅದನ್ನು ನೋಡಿದ್ದಾರಾ? ಆಮೇಲೂ ಅನುಮಾನ ಉಳಿದರೆ ನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿದ್ದರ ಗುರುತಾದ ಕ್ಯಾಲ್ಸಿಯಂ ಅನ್ನು ಸಿ.ಟಿ. ಸ್ಕ್ಯಾನಿನಲ್ಲಿ ಅಳೆಯಬಹುದು. ಅದು ಸೊನ್ನೆ ಬಂದರೆ, ಸಿಗರೇಟಿಲ್ಲದವರು ಊಟ, ನಡಿಗೆ, ತೂಕ ಸರಿ ಮಾಡಿಕೊಂಡು ಕೆಲವು ವರ್ಷ ಬಿಟ್ಟು ಮತ್ತೆ ಪರೀಕ್ಷಿಸಿಕೊಳ್ಳಬಹುದು. ಇಷ್ಟೆಲ್ಲ ಕೇಳಲು ಹದಿನೈದು ನಿಮಿಷ ಬೇಕು. ಆ ಹದಿನೈದು ನಿಮಿಷ ಕೊಡದೆ ಬರೆದ ಚೀಟಿಗೆ ನನ್ನ ವಿರೋಧ.