‘ಮೂರನೇ ತರಗತಿ ಮಟ್ಟ’ ಎಂದರೆ ಮಗುವಿನ ಬುದ್ಧಿ ಎಂದಲ್ಲ

ಹೆಚ್ಚು ಶಾಲೆ ಕಲಿಯದ ವಯಸ್ಕರಿಗೆ ಓದು-ಲೆಕ್ಕದ ಪರೀಕ್ಷೆಯಲ್ಲಿ ‘ಮೂರನೇ ತರಗತಿ ಮಟ್ಟ’ ಎಂದು ಬಂದರೆ, ಅವರ ಬುದ್ಧಿಯೂ ಎಂಟು ವರ್ಷದ ಮಗುವಿನಷ್ಟೇ ಎಂಬ ಮಾತು ಹರಿದಾಡುತ್ತಿದೆ. ತಪ್ಪು. ಆ ಸಂಖ್ಯೆ ಹೇಳುವುದಿಷ್ಟೇ: ಇವರ ಒಟ್ಟು ಅಂಕ ಆ ತರಗತಿಯ ಮಕ್ಕಳ ನಡುಮಟ್ಟದ ಅಂಕಕ್ಕೆ ಸಮ. ಎಲ್ಲಿ ತಪ್ಪಿದರು, ಏಕೆ ತಪ್ಪಿದರು ಎಂಬುದು ಅದರಲ್ಲಿ ಕಾಣುವುದಿಲ್ಲ.

37+48 ಅನ್ನು ಕಾಗದದ ಮೇಲೆ 715 ಎಂದು ಬರೆದವರೇ ಬಾಯಿಲೆಕ್ಕದಲ್ಲಿ ತಟ್ಟನೆ 85 ಎನ್ನಬಹುದು. ಕೈಕೊಟ್ಟಿದ್ದು ದಶಕ ಒಯ್ಯುವ ಬರಹದ ಕ್ರಮ, ಕೂಡುವ ಶಕ್ತಿಯಲ್ಲ. ಆದ್ದರಿಂದ ಅಕ್ಷರ ಗುರುತಿಸುವಿಕೆ, ಪದ ಓದು, ಅರ್ಥಗ್ರಹಣ, ಬಾಯಿಲೆಕ್ಕ, ಬರಹದ ಲೆಕ್ಕ ಇವನ್ನು ಬೇರೆಬೇರೆಯಾಗಿಯೇ ನೋಡಬೇಕು.

ಅದಕ್ಕೂ ಮೊದಲು ಕನ್ನಡಕ ವಿಚಾರಿಸಿ! ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗಿದ್ದರೆ, ಅದೂ ‘ಓದಲು ಬರುವುದಿಲ್ಲ’ ಎಂದೇ ದಾಖಲಾಗಿಬಿಡುತ್ತದೆ.