ಪಂಪಿನೊಳಗಿನ ಮುಹೂರ್ತ

ಪಿಕಪ್ ಗಾಡಿಯಲ್ಲಿ ಕೆಟ್ಟುಹೋಗುವ ಭಾಗ ಯಾವಾಗಲೂ ಚೆನ್ನಾಗಿರುವ ನಾಲ್ಕು ಭಾಗಗಳ ಹಿಂದೆಯೇ ಅಡಗಿರುತ್ತದೆ ಎಂಬುದು ನಮ್ಮ ಮನೆಯ ಅಂಗಳದಲ್ಲಿ ಮತ್ತೆ ಮತ್ತೆ ಸಾಬೀತಾದ ಸಂಗತಿ. ಸಂಕ್ರಾಂತಿ ಕಳೆದು ಅಡಿಕೆಯ ಕೊನೆಯ ಕೊಯ್ಲು ನಡೆಯುತ್ತಿದ್ದ ಹೊತ್ತಿನಲ್ಲಿ ಈ ಬಾರಿ ಸರದಿ ಎಂಜಿನ್ನಿನ ಸುತ್ತ ತಂಪು ದ್ರವ ಹರಿಸುವ ವಾಟರ್ ಪಂಪಿನದಾಗಿತ್ತು. ತೀರ್ಥಹಳ್ಳಿಯಿಂದ ಗೊಬ್ಬರದ ಚೀಲ ಹೇರಿಕೊಂಡು ಬರುವಾಗ ಏರಿನಲ್ಲಿ ಉಷ್ಣತೆಯ ಮುಳ್ಳು ಕೆಂಪು ಗೆರೆಯತ್ತ ಸರಿದಿತ್ತು. ಮನೆ ಮುಟ್ಟಿ ನಿಲ್ಲಿಸಿದ ಮೇಲೆ ರೇಡಿಯೇಟರಿನ ಹಿಂದಿನಿಂದ ಹಸಿರು ಹನಿಗಳು ಒಂದೊಂದಾಗಿ ಉದುರತೊಡಗಿದವು. ಗ್ಯಾರೇಜಿಗೆ ಬಿಟ್ಟರೆ ಕೊಯ್ಲು ಮುಗಿದ ಮೇಲೆಯೇ ಗಾಡಿ ಕೈಗೆ ಸಿಗುವುದೆಂಬ ಕಾರಣ ಮುಂದಿಟ್ಟು ನಮ್ಮ ಯಜಮಾನರು ರಿಪೇರಿ ಮನೆಯಲ್ಲೇ ಎಂದು ಘೋಷಿಸಿದರು. ಹಬ್ಬಕ್ಕೆ ಬಂದು ಇನ್ನೂ ಹೊರಟಿರದ ನನ್ನ ಅಣ್ಣ ಅಂಗಿಯ ತೋಳು ಮಡಚಿದ. ಟಾರ್ಚ್ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು.

ಟಾರ್ಚ್ ಹಿಡಿಯುವುದು ಹೊರಗಿನವರು ಎಣಿಸುವಷ್ಟು ಸುಲಭದ ಉದ್ಯೋಗವಲ್ಲ. ಕೆಲಸ ಮಾಡುವವರು ಎಲ್ಲಿ ನೋಡುತ್ತಿದ್ದಾರೆಂದು ಅವರು ಹೇಳುವುದಿಲ್ಲ. ಆದರೆ ಬೆಳಕು ಅಲ್ಲಿಯೇ ಇರಬೇಕು. ಇಬ್ಬರು ಒಟ್ಟಿಗೆ ಬಗ್ಗಿದಾಗ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಾರೆ, ಟಾರ್ಚ್ ಮಾತ್ರ ಒಂದೇ ಇರುತ್ತದೆ. ಬಿಡುವಿದ್ದಾಗ ನಾನು, ಯಜಮಾನರು ಎಂದೋ ಉಮೇದಿನಲ್ಲಿ ಜೆರಾಕ್ಸ್ ಮಾಡಿಸಿ ತಂದು ಅಟ್ಟಕ್ಕೆ ಸೇರಿಸಿದ್ದ ರಿಪೇರಿ ಕೈಪಿಡಿಯನ್ನು ಓದುತ್ತಿದ್ದೆ. ಆ ಮನೆಯಲ್ಲಿ ಅದನ್ನು ಓದಿದ ಏಕೈಕ ವ್ಯಕ್ತಿ ನಾನು ಎಂಬುದನ್ನು ಇಲ್ಲಿ ವಿನಯಪೂರ್ವಕವಾಗಿ ದಾಖಲಿಸುತ್ತೇನೆ.

ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತಿರುತ್ತದೆ. ಒಳಗಿನ ಸೀಲ್ ಸವೆದು ಕೂಲೆಂಟ್, ಅಂದರೆ ಎಂಜಿನ್ನನ್ನು ತಣ್ಣಗಿಡುವ ಆ ಹಸಿರು ದ್ರವ, ಸೋರಲು ಶುರುವಾದರೆ ಅದು ಬೇರಿಂಗಿನೊಳಗೆ ನುಗ್ಗದೆ ಹೊರಗೆ ಹರಿಯಲಿ, ನೋಡಿದವರಿಗೆ ಪಂಪಿನ ಆಯುಷ್ಯ ಮುಗಿಯುತ್ತ ಬಂದ ಸುದ್ದಿಯೂ ತಿಳಿಯಲಿ ಎಂದು ತಯಾರಿಸುವವರು ಬೇಕೆಂದೇ ಕೊರೆದ ತೂತು ಅದು. ಇದನ್ನು ನಾನು ಓದಿ ಹೇಳುವಷ್ಟರಲ್ಲಿ ಅಣ್ಣ, "ತೂತು ಸಿಕ್ತು ಭಾವ, ಮುಚ್ಚಿದ್ರೆ ಮುಗೀತು" ಎಂದು ಅಲ್ಲಿಗೆ ಎಂ-ಸೀಲ್ ಮೆತ್ತಿ ಆಗಿತ್ತು. ಮರುದಿನ ಹನಿ ಬೀಳುವುದು ನಿಜಕ್ಕೂ ನಿಂತಿತು. ಅದರ ಮರುದಿನ, ಹೊರಬರಲು ದಾರಿ ಸಿಗದ ಕೂಲೆಂಟ್ ಬೇರಿಂಗಿನ ಗ್ರೀಸನ್ನು ತೊಳೆದುಹಾಕಿದ್ದರಿಂದ ಪಂಪು ಗೊರಗೊರ ಸದ್ದು ಮಾಡತೊಡಗಿತು. ಇನ್ನು ಪಂಪನ್ನು ಬಿಚ್ಚದೆ ಉಳಿಗಾಲವಿರಲಿಲ್ಲ.

ಬಿಚ್ಚುವುದೆಂದರೆ ಮೊದಲು ರೇಡಿಯೇಟರ್ ಖಾಲಿಯಾಗಬೇಕು. ಅದೂ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಏಕೆಂದರೆ ಮುಚ್ಚಳದ ಒತ್ತಡದಿಂದಾಗಿ ಒಳಗಿನ ದ್ರವ 100 ಡಿಗ್ರಿ ದಾಟಿದರೂ ಕುದಿಯದೆ ಕಾದಿರುತ್ತದೆ, ಮುಚ್ಚಳ ತೆಗೆದ ಕ್ಷಣ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ತಣ್ಣಗಾಗಲು ಬಿಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ, ಹಪ್ಪಳದ ಹಿಟ್ಟು ಕಲಸುವ ನನ್ನ ದೊಡ್ಡ ಸ್ಟೀಲ್ ಬೋಗುಣಿ ಗಾಡಿಯ ಅಡಿಯಲ್ಲಿ ಹಸಿರು ನೀರು ತುಂಬಿಕೊಂಡು ಕುಳಿತಿತ್ತು. ನೋಡಲು ಥೇಟ್ ಖಸ್ ಶರಬತ್ತು. ಕೂಲೆಂಟಿನಲ್ಲಿರುವ ಇಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ನಾಯಿಗಳು ನೆಕ್ಕಿ ಸತ್ತ ಉದಾಹರಣೆಗಳು ಲೋಕದಲ್ಲಿ ಬೇಕಾದಷ್ಟಿವೆ. ನಮ್ಮ ನಾಯಿ ಆಗಲೇ ಬೋಗುಣಿಯ ಸುತ್ತ ಪ್ರದಕ್ಷಿಣೆ ಆರಂಭಿಸಿತ್ತು. ನಾಯಿಯನ್ನು ಕಟ್ಟಿಹಾಕಿ, ದ್ರವವನ್ನು ಹಳೆಯ ಕ್ಯಾನಿಗೆ ತುಂಬಿಸಿ, ಬೋಗುಣಿಯನ್ನು ಶಾಶ್ವತವಾಗಿ ಗ್ಯಾರೇಜು ಖಾತೆಗೆ ವರ್ಗಾಯಿಸಿದೆ. ಈ ವರ್ಗಾವಣೆಗೆ ಯಾರೂ ಆಕ್ಷೇಪ ಎತ್ತಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು.

ಪಂಪಿನ ಬೋಲ್ಟುಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ಉದ್ದದ ಬೋಲ್ಟನ್ನು ಗಿಡ್ಡ ಕುಳಿಗೆ ತಿರುಗಿಸಿದರೆ ಎರಕದ ಲೋಹವೇ ಬಿರುಕು ಬಿಡಬಹುದು. ಆದ್ದರಿಂದ ಒಂದೊಂದನ್ನೂ ಕಳಚಿದ ಕ್ರಮದಲ್ಲೇ ಇಡಬೇಕೆಂದು ನಾನು ಕೈಪಿಡಿ ನೋಡಿ ಹೇಳಿದೆ. ನನ್ನ ಮಾತಿಗೆ ಮೊದಲ ಬಾರಿಗೆ ಬೆಲೆ ಬಂತು. ಅಣ್ಣ ಅಡುಗೆಮನೆಗೆ ಹೋಗಿ ಗುಳಿಯಪ್ಪದ ಕಾವಲಿ ತಂದ. ಫ್ಯಾನಿನ ನಟ್ಟಿನ ವಿಷಯದಲ್ಲಿ ಮಾತ್ರ ಕೈಪಿಡಿಯನ್ನು ಯಾರೂ ಕೇಳಲಿಲ್ಲ. ನಮ್ಮ ಎಂಜಿನ್ನಿನಲ್ಲಿ ಅದಕ್ಕೆ ಉಲ್ಟಾ ಮರೆ, ಅಂದರೆ ಉಳಿದ ನಟ್ಟುಗಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸಿದರೆ ಸಡಿಲವಾಗುವಂಥದ್ದು. ಸಡಿಲಿಸುತ್ತಿದ್ದೇವೆಂದು ತಿಳಿದು ಇಬ್ಬರು ಭಾವಂದಿರು ಮಧ್ಯಾಹ್ನದ ಊಟದವರೆಗೆ ಅದನ್ನು ಒಂದೇ ಸಮನೆ ಬಿಗಿ ಮಾಡಿದರು.

ತೀರ್ಥಹಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಮಾಡಿದರೆ ಅಲ್ಲಿಯವರು ಕೇಳಿದ ಮೊದಲ ಪ್ರಶ್ನೆ, "ಬಿಎಸ್ ಮೂರೋ, ನಾಲ್ಕೋ?" ಬಿಎಸ್ ಎಂದರೆ ವಾಹನದ ಹೊಗೆಗೆ ಸರ್ಕಾರ ಹಾಕಿದ ಮಿತಿ. ದೇಶದಾದ್ಯಂತ ಬಿಎಸ್-4 ಕಡ್ಡಾಯವಾದದ್ದು 2017ರ ಏಪ್ರಿಲ್‌ನಲ್ಲಿ, ನಮ್ಮ ಗಾಡಿ ಆ ಸಂಧಿಕಾಲದಲ್ಲಿ ಹುಟ್ಟಿದ್ದು. "ಹಾಗಾದ್ರೆ ಹಳೇ ಪೀಸೇ ತನ್ನಿ" ಎಂದರು. ಸ್ಪೇರ್ ತರಲು ಹೋಗಬೇಕಾದ ಗಾಡಿಯೇ ಪಂಪಿಲ್ಲದೆ ನಿಂತಿದ್ದರಿಂದ ಯಜಮಾನರು ಪಂಪನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋದರು. ಹೊಸ ಪಂಪ್ ಸಿಕ್ಕಿತು, ಅದು ಎಂಜಿನ್ನಿಗೆ ಕೂರುವ ಸಂದಿಯಲ್ಲಿ ಸೋರದಂತೆ ಇಡುವ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್, ಸಿಗಲಿಲ್ಲ. "ನಾಲ್ಕು ದಿನ ಬಿಟ್ಟು ಬರ್ತದೆ, ಅಲ್ಲಿವರೆಗೆ ದಪ್ಪ ಪೇಪರಲ್ಲಿ ಕಟ್ ಮಾಡ್ಕೊಳ್ಳಿ" ಎಂಬ ಸಲಹೆ ಉಚಿತವಾಗಿ ಬಂತು.

ಗ್ಯಾಸ್ಕೆಟ್ ಕತ್ತರಿಸುವುದರಲ್ಲಿ ಅಣ್ಣನ ಕೈ ಪಳಗಿದೆ. ಪಂಪಿನ ಅಂಚಿನ ಮೇಲೆ ಕಾಗದ ಹಾಸಿ, ಸುತ್ತಿಗೆಯ ಗುಂಡು ತುದಿಯಿಂದ ಹಗುರವಾಗಿ ತಟ್ಟುತ್ತ ಹೋದರೆ ಅಂಚು ತಾನಾಗಿಯೇ ಮೂಡಿ ಕಾಗದ ಅಚ್ಚುಕಟ್ಟಾಗಿ ಕಡಿದುಕೊಳ್ಳುತ್ತದೆ. ಎರಡೂ ಬದಿಗೆ ಗ್ರೀಸ್ ಸವರಿ ಕೂರಿಸಿದ. ಕಾಗದ ಯಾವುದೆಂದು ನಾನು ಆಗ ವಿಚಾರಿಸಲಿಲ್ಲ. ಒಲೆಯ ಮುಂದೆ ನನಗೆ ಬೇರೆ ಕೆಲಸವಿತ್ತು. ಎಂಜಿನ್ ಬಿಸಿಯಾಗಲು, ಕಾವೇರಿದಾಗ ಕೂಲೆಂಟಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಸಹ ಕಾರಣವಿರಬಹುದೆಂದೂ, ಅದರೊಳಗಿನ ಮೇಣ ಸುಮಾರು 82 ಡಿಗ್ರಿಗೆ ಕರಗಿ ಹಿಗ್ಗಿ ಕವಾಟ ತೆರೆಯುವುದೇ ಎಂದು ಬಿಸಿನೀರಿನಲ್ಲಿ ಹಾಕಿ ನೋಡಬೇಕೆಂದೂ ಕೈಪಿಡಿ ಹೇಳಿತ್ತು. ಮನೆಯಲ್ಲಿದ್ದ ಜ್ವರದ ಥರ್ಮಾಮೀಟರ್ 42 ಡಿಗ್ರಿಗೇ ಮುಗಿಯುವುದರಿಂದ ಕಣ್ಣಳತೆಯೇ ಗತಿಯಾಯಿತು. ಅತ್ತೆ ಬಂದು ಪಾತ್ರೆಯೊಳಗೆ ಇಣುಕಿದರು.

"ಇದೆಂತ ಬೇಯಿಸ್ತಿದೀಯೇ?"

"ಥರ್ಮೋಸ್ಟಾಟ್, ಅತ್ತೆ."

"ಉಪ್ಪು ಹಾಕಿದ್ಯಾ?"

ಕವಾಟ ನೀರು ಕುದಿಯುವ ಮೊದಲೇ ಸರಿಯಾಗಿ ತೆರೆದುಕೊಂಡಿತು. ಸಂಜೆಗೆ ಎಲ್ಲವನ್ನೂ ಕಾವಲಿಯ ಕ್ರಮದಲ್ಲೇ ಜೋಡಿಸಿ, ಹೊಸ ಕೂಲೆಂಟ್ ಹೊಯ್ದು, ಮುಚ್ಚಳ ತೆರೆದಿಟ್ಟೇ ಎಂಜಿನ್ ಚಾಲೂ ಮಾಡಿ, ಒಳಗೆ ಸಿಕ್ಕಿಕೊಂಡ ಗಾಳಿಯೆಲ್ಲ ಗುಳ್ಳೆಯಾಗಿ ಹೊರಬರುವ ತನಕ ಕಾದೆವು. ಹನಿಯೂ ಇಲ್ಲ, ಸದ್ದೂ ಇಲ್ಲ, ಮುಳ್ಳು ನಡುಮಧ್ಯದಲ್ಲಿ ನಿಂತಿತು. ಇಬ್ಬರು ಭಾವಂದಿರು ಒಬ್ಬರನ್ನೊಬ್ಬರು ಹೊಗಳಿಕೊಳ್ಳುತ್ತ ಕಾಫಿ ಕುಡಿದರು.

ರಾತ್ರಿ, ಪಕ್ಕದೂರಿನ ಮದುವೆಗೆ ಅಡುಗೆಯ ಹಂಡೆ, ಕೊಪ್ಪರಿಗೆಗಳನ್ನು ನಮ್ಮ ಪಿಕಪ್ಪಿನಲ್ಲೇ ಸಾಗಿಸುವುದಾಗಿ ಮಾತು ಕೊಟ್ಟದ್ದು ನೆನಪಾಗಿ ನಾನು ಕರೆಯೋಲೆ ಹುಡುಕಿದೆ. ಜಗಲಿಯ ಮೇಲೆ, ಸುತ್ತಿಗೆಯ ಪಕ್ಕದಲ್ಲಿ ಅದು ಸಿಕ್ಕಿತು. ಮೇಲ್ಗಡೆ ಗಣಪತಿ ಕ್ಷೇಮವಾಗಿದ್ದ. ಕೆಳಗಡೆ, ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಬೇಕೆಂಬ ವಿನಂತಿಯೂ ಪೂರ್ತಿಯಾಗಿತ್ತು. ದಿನಾಂಕ, ಲಗ್ನ, ಗಂಟೆ, ಛತ್ರದ ಹೆಸರು ಇರಬೇಕಾದ ನಡುವಿನಲ್ಲಿ ಮಾತ್ರ ವಾಟರ್ ಪಂಪಿನ ಆಕಾರದ ಕಿಂಡಿಯಿತ್ತು.

"ದಪ್ಪ ಹದವಾಗಿತ್ತು" ಎಂದ ಅಣ್ಣ.

ಕರೆಯೋಲೆ ಕೊಟ್ಟವರಿಗೇ ಫೋನ್ ಮಾಡಿ ಮದುವೆ ಯಾವಾಗ ಎಂದು ಕೇಳುವುದು ಮರ್ಯಾದೆಯಲ್ಲ. ಯಜಮಾನರು ಜಾಣತನದಿಂದ, ಪಾತ್ರೆಗಳು ಎಷ್ಟು ಹೊತ್ತಿಗೆ ಬೇಕೆಂದಷ್ಟೇ ವಿಚಾರಿಸಿದರು. ಆ ಕಡೆಯವರು ಬಹಳ ಸ್ಪಷ್ಟವಾಗಿ ಉತ್ತರಿಸಿದರು: "ಹಿಂದಿನ ದಿನ ಸಂಜೆ ಹೊರಟರೆ ಸಾಕು ಮಾರಾಯ್ರೆ, ಸೀದಾ ಛತ್ರಕ್ಕೇ ತನ್ನಿ. ಎಲ್ಲ ಕಾಗದದಲ್ಲೇ ಉಂಟಲ್ಲ."