ಊರಲ್ಲಿ ಲೈಸೆನ್ಸಿನ ಲೆಕ್ಕ, ಇಲ್ಲಿ ಡ್ರಮ್ಮಿನ ಲೆಕ್ಕ

ನಮ್ಮ ಕಡೆ ಕೋವಿಯ ಕಾನೂನು ಮೊದಲು ನೋಡುವುದು ಮನುಷ್ಯನನ್ನು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅರ್ಜಿ ಹಾಕಬೇಕು, ಪೊಲೀಸ್ ವರದಿ ಆಗಬೇಕು, ಜಿಲ್ಲಾಧಿಕಾರಿಯೋ ನಗರದ ಪೊಲೀಸ್ ಕಮಿಷನರೋ ಸಹಿ ಹಾಕಬೇಕು. ಒಂದು ಸಲಕ್ಕೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದೂ ಲೈಸೆನ್ಸಿನಲ್ಲೇ ಬರೆದಿರುತ್ತದೆ. 2019ರ ತಿದ್ದುಪಡಿ ಬಂದ ಮೇಲೆ ಸಾಮಾನ್ಯ ಲೈಸೆನ್ಸುದಾರರಿಗೆ ಎರಡೇ ಕೋವಿ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ 2029ರ ಅಕ್ಟೋಬರ್ ತನಕ ಇರುವ ವಿನಾಯಿತಿ ಕೂಡ ಮನುಷ್ಯನನ್ನು ನೋಡಿ ಕೊಟ್ಟದ್ದೇ. ಕಾಫಿ ತೋಟದ ಮನೆಯ ಜೋಡುನಳಿಗೆ ಕೋವಿಗೆ ಹಿಡಿಯುವುದು ಎರಡು ತೋಟಾ. ತೋಟಾ ತುಂಬಿಡುವ ಗೂಡು, ಅಂದರೆ ಮ್ಯಾಗಜೀನು ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ.

ಅಮೆರಿಕದಲ್ಲಿ ಕಾನೂನು ವಸ್ತುವಿನ ಮೇಲೂ ಕಣ್ಣಿಡುತ್ತದೆ. ಶಾಟ್‌ಗನ್ನಿಗೆ (ಚರೆ ಕೋವಿಗೆ) ಸಿಕ್ಕಿಸುವ, ಇಪ್ಪತ್ತು ತೋಟಾ ಹಿಡಿಯುವ ಒಂದು ದುಂಡು ಪ್ಲಾಸ್ಟಿಕ್ ಮ್ಯಾಗಜೀನನ್ನು, ಅಂದರೆ ಡ್ರಮ್ಮನ್ನು, ವಯೋಮಿಂಗಿನ ಶೈಯೆನ್ ಊರಿನ ಅಂಗಡಿಯಲ್ಲಿ ಯಾವ ತಕರಾರೂ ಇಲ್ಲದೆ ಕೊಳ್ಳಬಹುದು. ಅದನ್ನೇ ಕಾರಿನಲ್ಲಿಟ್ಟುಕೊಂಡು ದಕ್ಷಿಣಕ್ಕೆ ಸುಮಾರು ಹತ್ತು ಮೈಲಿ ಬಂದು ಕೊಲೊರಾಡೊ ಗಡಿ ದಾಟಿದರೆ ಅಪರಾಧ. ನೀವು ಎಷ್ಟು ಸಂಭಾವಿತರು, ಎಷ್ಟು ವರ್ಷ ಕೋವಿ ಹಿಡಿದವರು ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಊರಿನ ರೂಢಿಯಲ್ಲಿ ‘ಕಾಗದಪತ್ರ ಸರಿ ಇದೆ, ಇನ್ನೇನು’ ಎಂದು ನೆಮ್ಮದಿಯಿಂದಿರುವ ನಮ್ಮವರು ಎಡವುವುದು ಇಲ್ಲೇ.

ಕೇಂದ್ರ ಸರ್ಕಾರದ ಮಟ್ಟದಲ್ಲಿ ಈಗ ಮ್ಯಾಗಜೀನಿಗೆ ಮಿತಿ ಇಲ್ಲ. 1994ರಲ್ಲಿ ಬಂದ ಹತ್ತು ತೋಟಾದ ಮಿತಿ 2004ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದು ಬಿದ್ದುಹೋಯಿತು. ಉಳಿದದ್ದು ರಾಜ್ಯಗಳ ಕಾನೂನು, ಮತ್ತು ಅವು ಒಂದರಂತೆ ಇನ್ನೊಂದಿಲ್ಲ. ಟೆಕ್ಸಾಸ್, ಜಾರ್ಜಿಯಾಗಳಲ್ಲಿ ಮಿತಿಯೇ ಇಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ 2022ರ ಜುಲೈನಿಂದ ಹತ್ತಕ್ಕಿಂತ ದೊಡ್ಡದನ್ನು ಮಾರುವಂತಿಲ್ಲ, ಹೊರಗಿನಿಂದ ತರುವಂತಿಲ್ಲ; ಮೊದಲೇ ಮನೆಯಲ್ಲಿದ್ದದ್ದು ಇರಬಹುದು. ಮ್ಯಾಸಚೂಸೆಟ್ಸ್ ಶಾಟ್‌ಗನ್ನಿಗೆ ಬೇರೆ ಅಳತೆ ಇಟ್ಟಿದೆ: ಬೇರೆ ಕೋವಿಗಳಿಗೆ ಹತ್ತಾದರೆ ಶಾಟ್‌ಗನ್ ತೋಟಾ ಐದು ಮೀರಿದರೆ ಅದು ದೊಡ್ಡ ಮ್ಯಾಗಜೀನು.

ಕ್ಯಾಲಿಫೋರ್ನಿಯಾದ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮವರು ಅಲ್ಲಿ ಬಹಳ ಇದ್ದಾರೆ. ಅಲ್ಲಿ ಮ್ಯಾಗಜೀನಿನ ಮಿತಿ ಹತ್ತು. ‘ಸರಿ, ಹತ್ತರ ಡ್ರಮ್ಮು ತೆಗೆದುಕೊಳ್ಳುತ್ತೇನೆ’ ಎಂದರೆ ಮುಗಿಯಲಿಲ್ಲ. ಕಳಚಿ ಹಾಕುವ ಮ್ಯಾಗಜೀನನ್ನು ತೆಗೆದುಕೊಳ್ಳಬಲ್ಲ ಸೆಮಿ ಆಟೊಮ್ಯಾಟಿಕ್ (ಒಂದು ಗುಂಡು ಹಾರಿದ ಮೇಲೆ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ) ಶಾಟ್‌ಗನ್ನೇ ಅಲ್ಲಿ ‘ಅಸಾಲ್ಟ್ ವೆಪನ್’ ಎಂಬ ನಿಷೇಧಿತ ಕೋವಿಗಳ ಪಟ್ಟಿಗೆ ಸೇರುತ್ತದೆ, ಮ್ಯಾಗಜೀನು ಐದರದ್ದಾದರೂ ಅಷ್ಟೇ. ನ್ಯೂಯಾರ್ಕಿನ 2013ರ ಕಾನೂನೂ ಇದೇ ದಾರಿ ಹಿಡಿದಿದೆ. ಕೈಯಿಂದ ಹಿಂದೆಮುಂದೆ ಎಳೆದು ತೋಟಾ ತುಂಬುವ ಪಂಪ್ ಆಕ್ಷನ್ ಕೋವಿ ಈ ಕಲಮಿನಿಂದ ಹೊರಗೆ, ಆದರೆ ಹತ್ತರ ಮಿತಿ ಅದಕ್ಕೂ ಇದೆ. ಅಂದರೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು: ಈ ಡ್ರಮ್ಮು ಇಲ್ಲಿ ಇರಬಹುದೇ? ಈ ಡ್ರಮ್ಮು ಕೂರುವ ಕೋವಿ ಇಲ್ಲಿ ಇರಬಹುದೇ?

ಇವುಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಕೊಲೊರಾಡೊ ಕಾನೂನಿನ ಒಂದು ಸಾಲು. ಅಲ್ಲಿ ಸಾಮಾನ್ಯ ಮಿತಿ ಹದಿನೈದು. ಆದರೆ ಶಾಟ್‌ಗನ್ನಿನ ನಳಿಕೆ ಮ್ಯಾಗಜೀನನ್ನು (ಕೋವಿಗೇ ಜೋಡಿಸಿದ ಕೊಳವೆಯಾಕಾರದ ಮ್ಯಾಗಜೀನು) ಎಣಿಸುವುದಿಲ್ಲ, ಅಳೆಯುತ್ತಾರೆ: ಜೋಡಿಸಿದ ಎಕ್ಸ್‌ಟೆನ್ಷನ್ ಸೇರಿ 28 ಇಂಚಿನಷ್ಟು ತೋಟಾ, ಅದಕ್ಕೆ ಮೀರಬಾರದು. ಇದು ತೋಟಾ ಗೊತ್ತಿದ್ದವರು ಬರೆದ ಮಾತು. ಹನ್ನೆರಡು ಬೋರಿನ ತೋಟಾ 1¾ ಇಂಚಿನ ಗಿಡ್ಡದ್ದೂ ಇದೆ, 2¾, 3, 3½ ಇಂಚಿನದ್ದೂ ಇದೆ. ಒಂದೇ ನಳಿಕೆಯಲ್ಲಿ ಗಿಡ್ಡದ್ದು ಹನ್ನೊಂದು ಹಿಡಿದರೆ 2¾ ಇಂಚಿನದ್ದು ಏಳೇ ಹಿಡಿಯಬಹುದು. ‘ಹತ್ತು’ ಎಂದಷ್ಟೇ ಬರೆದ ಕಡೆ ಯಾವ ತೋಟಾದ ಹತ್ತು ಎಂದು ಜಗಳ ಹತ್ತುತ್ತದೆ. ಇಂಚಿನಲ್ಲಿ ಬರೆದರೆ ಆ ಜಗಳ ಇಲ್ಲ. ಉಳಿದ ರಾಜ್ಯಗಳೂ ಇದನ್ನು ಅನುಸರಿಸಿದರೆ ಪೊಲೀಸರಿಗೂ ಒಳ್ಳೆಯದು, ಇಟ್ಟುಕೊಂಡವರಿಗೂ ಒಳ್ಳೆಯದು.

ಅದೇ ಕಾನೂನು ಡ್ರಮ್ಮಿನ ವಿಷಯಕ್ಕೆ ಬಂದಾಗ ತೊಡಕು ಮಾಡಿಕೊಂಡಿದೆ. ಕಳಚುವ ಪೆಟ್ಟಿಗೆ ಅಥವಾ ಡ್ರಮ್ಮು ‘ಸ್ಥಿರ ಮ್ಯಾಗಜೀನಿನೊಂದಿಗೆ (ಕೋವಿಯಲ್ಲೇ ಇರುವ, ಕಳಚದ ಮ್ಯಾಗಜೀನು) ಸೇರಿದಾಗ’ ಎಂಟು ಶಾಟ್‌ಗನ್ ತೋಟಾಗಳಿಗಿಂತ ಹೆಚ್ಚು ಹಿಡಿಯಬಾರದು ಎಂದು ಬರೆದಿದೆ. ಸ್ಥಿರ ಮ್ಯಾಗಜೀನೇ ಇಲ್ಲದ ಕೋವಿಗೆ ಎಂಟೋ ಹದಿನೈದೋ ಎಂದು ವಾದಿಸಬಹುದು. ವಾದ ಕೋರ್ಟಿನಲ್ಲಿ ಮಾಡುವಂಥದ್ದು. ಮನೆಯಲ್ಲಿ ಇಟ್ಟುಕೊಳ್ಳುವವರು ಎಂಟರಲ್ಲೇ ನಿಲ್ಲುವುದು ಜಾಣತನ. ಇಪ್ಪತ್ತರ ಡ್ರಮ್ಮಂತೂ ಯಾವ ಓದಿನಲ್ಲೂ ದಾಟುವುದಿಲ್ಲ. 2013ರ ಜುಲೈ 1ಕ್ಕೆ ಮೊದಲೇ ಕೈಯಲ್ಲಿದ್ದು, ಬಿಡದೆ ತಮ್ಮಲ್ಲೇ ಉಳಿದಿದ್ದರೆ ಮಾತ್ರ ಮಾಫಿ. ಜೊತೆಗೆ 2025ರಲ್ಲಿ ಬಂದ ಹೊಸ ಕಾನೂನಿನ ಪ್ರಕಾರ, ಕಳಚುವ ಮ್ಯಾಗಜೀನಿನ ಸೆಮಿ ಆಟೊ ಶಾಟ್‌ಗನ್ ಕೊಳ್ಳಲು 2026ರ ಆಗಸ್ಟ್ 1ರಿಂದ ತರಬೇತಿಯೂ ಅರ್ಹತಾ ಪತ್ರವೂ ಬೇಕು. ಮನುಷ್ಯನನ್ನು ನೋಡುವ ನಮ್ಮ ಊರಿನ ಕ್ರಮಕ್ಕೆ ಅಮೆರಿಕದ ಒಂದು ರಾಜ್ಯ ಹತ್ತಿರ ಬರುತ್ತಿದೆ. ನನ್ನ ಮಟ್ಟಿಗೆ ಅದು ಸರಿಯಾದ ದಿಕ್ಕು. ಡ್ರಮ್ಮನ್ನು ಬಳಸಲು ತಿಳಿದವರ ಕೈಯಲ್ಲಿದೆಯೇ ಎಂಬುದು, ಅದರಲ್ಲಿ ಎಷ್ಟು ಹಿಡಿಯುತ್ತದೆ ಎಂಬಷ್ಟೇ ದೊಡ್ಡ ಪ್ರಶ್ನೆ.

ಯಾಕೆಂದರೆ ಡ್ರಮ್ಮು ತಾಳ್ಮೆ ಬೇಡುವ ಸಾಮಾನು. ಸೈಗಾ-12 ಎಂಬ ರಷ್ಯಾದ ಸೆಮಿ ಆಟೊ ಶಾಟ್‌ಗನ್ನಿನ ಮಾದರಿಯ ಕೋವಿಯನ್ನೇ ತೆಗೆದುಕೊಳ್ಳಿ. ಶಾಟ್‌ಗನ್ ತೋಟಾದ ಮೈ ಪ್ಲಾಸ್ಟಿಕ್, ಬುಡ ಲೋಹ, ಬುಡದಲ್ಲಿ ಹೊರಚಾಚಿದ ರಿಮ್. ತುಂಬುವಾಗ ಮೇಲಿನ ತೋಟಾದ ರಿಮ್ ಕೆಳಗಿನದರ ರಿಮ್ಮಿಗಿಂತ ಮುಂದೆ ಕೂರಬೇಕು. ಹಿಂದೆ ಬಿದ್ದರೆ ಎರಡೂ ಕೊಂಡಿ ಹಾಕಿಕೊಂಡು, ಬೋಲ್ಟ್ (ತೋಟಾವನ್ನು ನಳಿಗೆಯ ಬುಡಕ್ಕೆ ನೂಕುವ ಲೋಹದ ತುಂಡು) ತಳ್ಳಿದಾಗ ಮೇಲಿನದು ಕದಲುವುದಿಲ್ಲ. ಒಂದೊಂದನ್ನೂ ಒತ್ತಿ, ಬಾಯಿಯ ಅಂಚಿನ ಕೆಳಗೆ ಪೂರ್ತಿ ಹಿಂದಕ್ಕೆ ಜಾರಿಸಿ, ಬೆರಳಿನಿಂದ ತಟ್ಟಿ ನೋಡಿ ಮುಂದಿನದನ್ನು ಹಾಕಬೇಕು. ಬೇರೆ ಬೇರೆ ಉದ್ದದ ತೋಟಾ ಬೆರೆಸಬಾರದು. ಹೊಸ ಡ್ರಮ್ಮಿಗೆ ಇಪ್ಪತ್ತು ಹಿಡಿದರೂ ಹದಿನೆಂಟು ಹತ್ತೊಂಬತ್ತಕ್ಕೆ ನಿಲ್ಲಿಸುವುದು ಲೇಸು. ತುಂಬಿ ತುಳುಕಿದ ಡ್ರಮ್ಮನ್ನು ಮುಚ್ಚಿದ ಬೋಲ್ಟಿನ ಕೆಳಗೆ ಕೂರಿಸಲು ಹೋದರೆ ಮೇಲಿನ ತೋಟಾ ಬೋಲ್ಟಿಗೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ. ಬೋಲ್ಟನ್ನು ಹಿಂದೆ ನಿಲ್ಲಿಸಿ, ಡ್ರಮ್ಮಿನ ಮುಂದಿನ ಕೊಕ್ಕೆಯನ್ನು ಮೊದಲು ಸಿಕ್ಕಿಸಿ, ಹಿಂದಕ್ಕೆ ತಿರುಗಿಸಿ, ಚಿಲಕ ಬಿದ್ದ ಸದ್ದು ಕೇಳಿದ ಮೇಲೆ ಒಮ್ಮೆ ಕೆಳಕ್ಕೆ ಎಳೆದು ನೋಡಬೇಕು.

ಇಪ್ಪತ್ತು ತೋಟಾಗಳದ್ದೇ ಸುಮಾರು ಒಂದು ಕಿಲೋ ತೂಕ. ಆ ಭಾರಕ್ಕೆ ಡ್ರಮ್ಮು ತಾನು ಕೂರುವ ಗೂಡಿನಲ್ಲಿ ಸ್ವಲ್ಪ ಸಡಿಲವಿದ್ದರೂ ಅದರ ಮೂಗು ಕೆಳಕ್ಕೆ ಜೋಲುತ್ತದೆ. ಡ್ರಮ್ಮನ್ನೇ ಹಿಡಿಕೆಯಂತೆ ಹಿಡಿದರೆ ಇನ್ನೂ ಕೆಡುತ್ತದೆ.

ಕೈಕೊಟ್ಟಾಗ ಎಲ್ಲರೂ ಡ್ರಮ್ಮನ್ನೇ ಬೈಯುತ್ತಾರೆ. ನಿಂತದ್ದು ಹೇಗೆ ಎಂದು ನೋಡಿದರೆ ಕಾರಣ ಗೊತ್ತಾಗುತ್ತದೆ. ಖಾಲಿ ತೋಟಾ ಹೊರಬೀಳುವ ಕಿಂಡಿಯಲ್ಲೇ ಸಿಕ್ಕಿಕೊಂಡಿದ್ದರೆ ದೋಷ ಡ್ರಮ್ಮಿನದ್ದಲ್ಲ. ಹಗುರ ಮದ್ದಿನ ತೋಟಾಕ್ಕೆ ಬೋಲ್ಟನ್ನು ಪೂರ್ತಿ ಹಿಂದೆ ತಳ್ಳುವ ಶಕ್ತಿ ಸಾಲಲಿಲ್ಲ. ಬೋಲ್ಟಿಗೆ ಸಿಗುವ ಅನಿಲದ ಒತ್ತಡ ಹೊಂದಿಸುವ ಗ್ಯಾಸ್ ತಿರುಪನ್ನು ಹಗುರ ತೋಟಾದ ಗುರುತಿಗೆ ತಿರುಗಿಸಿ ನೋಡಬೇಕು. ಡ್ರಮ್ಮಿನಲ್ಲಿ ತೋಟಾ ಇದ್ದೂ ಬೋಲ್ಟ್ ಖಾಲಿ ಚೇಂಬರಿನ (ನಳಿಗೆಯ ಬುಡದಲ್ಲಿ ತೋಟಾ ಸಿಡಿಯುವ ಗೂಡು) ಮೇಲೆ ಮುಚ್ಚಿಕೊಂಡಿದ್ದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಒಳಗೆ ಕಸ ಕೂತಿದೆ. ತೋಟಾದ ಮೂಗು ಚೇಂಬರಿನ ಕೆಳಅಂಚಿಗೆ ಗುದ್ದಿ ನಿಂತಿದ್ದರೆ ಡ್ರಮ್ಮು ಜೋಲುತ್ತಿದೆ. ಒಮ್ಮೆಗೇ ಎರಡು ತೋಟಾ ಮೇಲೆ ಬಂದರೆ ಬಾಯಿಯ ಅಂಚು ಅಗಲವಾಗಿದೆ ಅಥವಾ ಸೀಳಿದೆ, ಆ ಡ್ರಮ್ಮನ್ನು ಬದಿಗಿಡಿ. ಗ್ಯಾಸ್ ತಿರುಪಿನದ್ದೊಂದನ್ನು ಬಿಟ್ಟು ಉಳಿದ ಪರೀಕ್ಷೆಗಳನ್ನೆಲ್ಲ ಮದ್ದಿಲ್ಲದ ಡಮ್ಮಿ ತೋಟಾದಲ್ಲಿ ಮಾಡಬೇಕು. ಸಿಕ್ಕಿಕೊಂಡದ್ದನ್ನು ಬಿಡಿಸುವಾಗ ನಳಿಗೆ ಸುರಕ್ಷಿತ ದಿಕ್ಕಿಗೆ ಇರಲಿ. ಮೊದಲು ಡ್ರಮ್ಮು ಕಳಚಬೇಕು, ಆಮೇಲೆ ಬೋಲ್ಟ್ ಎಳೆಯಬೇಕು. ಮೊದಲೇ ಬೋಲ್ಟ್ ಎಳೆದರೆ ಇನ್ನೊಂದು ತೋಟಾ ಚೇಂಬರಿಗೆ ಹೋಗಿ ಕೂರುತ್ತದೆ. ಕೊನೆಗೆ ಚೇಂಬರನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಬೇಕು.

ಒಳಗೆ ಎಣ್ಣೆ ಹಾಕಬೇಡಿ, ಧೂಳು ಮೆತ್ತಿಕೊಳ್ಳುತ್ತದೆ. ಒಣ ಗ್ರಾಫೈಟ್ ಪುಡಿ ಸಾಕು. ತುಂಬಿದ ಡ್ರಮ್ಮನ್ನು ತಿಂಗಳುಗಟ್ಟಲೆ ಇಟ್ಟರೆ ಪ್ಲಾಸ್ಟಿಕ್ ತೋಟಾ ಒತ್ತಡಕ್ಕೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮೇಜಿನ ಮೇಲೆ ಉರುಳಿಸಿದರೆ ಓಲಾಡುವ ತೋಟಾವನ್ನು ಮತ್ತೆ ತುಂಬಬಾರದು.

ಇನ್ನು ಬೇಟೆ. ಬಾತು ಹೆಬ್ಬಾತುಗಳಂಥ ವಲಸೆ ಹಕ್ಕಿಗೆ ಕೇಂದ್ರದ ನಿಯಮದಂತೆ ಕೋವಿಯಲ್ಲಿ ಒಟ್ಟು ಮೂರೇ ತೋಟಾ ಹಿಡಿಯಬೇಕು. ಅದಕ್ಕೆ ಹಾಕುವ ಬೆಣೆ ಒಂದೇ ತುಂಡಿನದಾಗಿದ್ದು, ಕೋವಿ ಬಿಚ್ಚದೆ ತೆಗೆಯಲಾಗದಂತಿದ್ದರೆ ಸಾಕು. ರಾಜ್ಯದ ಮಿತಿಗೆ ಆ ಬೆಣೆ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾ ಕೇಳುವುದು ಶಾಶ್ವತವಾಗಿ ತಗ್ಗಿಸಿದ ಮ್ಯಾಗಜೀನನ್ನು. ಎರಡನ್ನೂ ಒಂದೇ ಎಂದುಕೊಂಡವರು ಇದ್ದಾರೆ. ಹಾಗೆಯೇ ಆಮದಾದ ಸೆಮಿ ಆಟೊ ಶಾಟ್‌ಗನ್ನನ್ನು ಮಾರ್ಪಡಿಸಿದ್ದರೆ, ಪಟ್ಟಿಯಲ್ಲಿರುವ ಇಪ್ಪತ್ತು ಬಗೆಯ ಭಾಗಗಳಲ್ಲಿ ವಿದೇಶಿ ಭಾಗ ಹತ್ತನ್ನು ಮೀರಬಾರದು. ಮ್ಯಾಗಜೀನಿನ ಮೈ, ಫಾಲೋವರ್ (ಒಳಗಿನ ತೋಟಾಗಳನ್ನು ಬಾಯಿಯತ್ತ ತಳ್ಳುವ ತುಂಡು), ತಳದ ತಟ್ಟೆ ಮೂರೂ ಆ ಪಟ್ಟಿಯಲ್ಲಿವೆ. ಅಮೆರಿಕದಲ್ಲಿ ಮಾಡಿದ ಡ್ರಮ್ಮು ತೆಗೆದು ವಿದೇಶಿ ಮ್ಯಾಗಜೀನು ಸಿಕ್ಕಿಸಿದ ಕೂಡಲೇ ಲೆಕ್ಕ ತಪ್ಪಬಹುದು.

ಎಚ್-1ಬಿ ವೀಸಾದಲ್ಲಿರುವವರಿಗೆ ಇವೆಲ್ಲಕ್ಕೂ ಮೊದಲಿನ ಮಾತೊಂದಿದೆ. ಆ ವೀಸಾದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಕೇಂದ್ರ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ರಾಜ್ಯದ ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. ಗೆಳೆಯನ ಕೋವಿಯನ್ನು ರೇಂಜಿನಲ್ಲಿ ಹಿಡಿಯುವುದಕ್ಕೂ ಇದು ಅನ್ವಯಿಸುತ್ತದೆ. ಗ್ರೀನ್ ಕಾರ್ಡ್ ಆದವರಿಗೆ ಈ ತಡೆ ಇಲ್ಲ.

ಕೆಲಸ ಬದಲಿಸಿ ರಾಜ್ಯ ಬದಲಿಸುವವರು ಸಾಮಾನು ಕಟ್ಟುವ ಮೊದಲೇ ಡ್ರಮ್ಮಿನ ವಿಲೇವಾರಿ ಮಾಡಬೇಕು. ದಾರಿಯ ರಾಜ್ಯಗಳನ್ನು ದಾಟಲು ಕೇಂದ್ರ ಕಾನೂನು ಕೊಡುವ ರಕ್ಷಣೆಯ ಪಠ್ಯದಲ್ಲಿ ಕೋವಿಯ ಮಾತಿದೆ, ತೋಟಾದ ಮಾತಿದೆ, ಮ್ಯಾಗಜೀನಿನ ಹೆಸರಿಲ್ಲ. ಹಾಗಾಗಿ ಹೊರಡುವ ರಾಜ್ಯದಲ್ಲೇ ಲೈಸೆನ್ಸ್ ಇರುವ ಡೀಲರಿಗೆ ಮಾರಿ ರಸೀದಿ ಇಟ್ಟುಕೊಳ್ಳಿ, ಹೋಗುವ ಊರಿನ ಮಿತಿಗೆ ಹೊಂದುವ ಐದರ ಅಥವಾ ಎಂಟರ ಪೆಟ್ಟಿಗೆ ಮ್ಯಾಗಜೀನನ್ನು ಅಲ್ಲೇ ಕೊಳ್ಳಿ.